ಜಿಪಿಎಸ್ ಡೇಟಾದಲ್ಲಿ ನಿಧಾನ ಭೂಕಂಪ ಹುಡುಕೋದು ಹೇಗೆ? ನನ್ನ ಗ್ರಾಫಲ್ಲಿ ಗರಗಸ ಕಾಣ್ತಿಲ್ಲ

ಸಿರ್ಸಿಯಂವ

ಎಲ್ಲರಿಗೂ ನಮಸ್ಕಾರ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸುಮಾರು 14 ತಿಂಗಳಿಗೊಮ್ಮೆ ಯಾರಿಗೂ ಗೊತ್ತಾಗದ ಹಾಗೆ ಒಂದು ಭೂಕಂಪ ಆಗುತ್ತೆ, ಎರಡು ಮೂರು ವಾರ ನಡೆಯುತ್ತೆ, ಜಿಪಿಎಸ್ ಮಾತ್ರ ಅದನ್ನ ಹಿಡಿಯುತ್ತೆ ಅಂತ ಓದಿದೆ. ಓದಿದ್ದನ್ನ ನಂಬೋಕೆ ಮನಸ್ಸಾಗಲಿಲ್ಲ. ನೆವಾಡಾ ಜಿಯೋಡೆಟಿಕ್ ಲ್ಯಾಬೊರೇಟರಿಯವರು ಪ್ರಪಂಚದ ಸಾವಿರಾರು ಸ್ಟೇಷನ್ನುಗಳ ದಿನದಿನದ ಸ್ಥಾನ ಪುಕ್ಕಟೆ ಇಟ್ಟಿದ್ದಾರಲ್ಲ, ಅಲ್ಲಿಂದ ವಿಕ್ಟೋರಿಯಾ ಪಕ್ಕದ ಆಲ್ಬರ್ಟ್ ಹೆಡ್ ಸ್ಟೇಷನ್ನಿನ (ಎಎಲ್‌ಬಿಎಚ್) ಫೈಲ್ ಇಳಿಸ್ಕೊಂಡು ಪೈಥಾನಲ್ಲಿ ಗ್ರಾಫ್ ಹಾಕಿದೆ. ಗರಗಸದ ಹಲ್ಲಿನ ಥರ ಕಾಣ್ಬೇಕಿತ್ತು. ಕಾಣ್ತಿರೋದು ಒಂದು ಓರೆ ಗೆರೆ, ಅದರ ಸುತ್ತ ಚುಕ್ಕಿಗಳ ಗದ್ದಲ. ಯಾರಾದ್ರೂ ದಾರಿ ತೋರಿಸ್ತೀರಾ?

ಇನ್ನೊಂದು ಪ್ರಶ್ನೆ. ಅದೇ ಪಟ್ಟಿಯಲ್ಲಿ ಬೆಂಗಳೂರಿನ ಐಐಎಸ್‌ಸಿ ಸ್ಟೇಷನ್ನೂ ಇದೆ. ಅದರಲ್ಲೂ ಹುಡುಕಬಹುದಾ?

ತಗ್ಗಿನಮನೆ

ಫೈಲ್ ಸರಿಯಾಗೇ ಇದೆ, ಚೌಕಟ್ಟು ಬೇರೆಯದನ್ನ ತಗೊಂಡಿದ್ದೀರಿ. ನೀವು ಇಳಿಸಿರೋದು ಇಡೀ ಭೂಗೋಳಕ್ಕೆ ಹೋಲಿಸಿದ ಸ್ಥಾನ. ಅಲ್ಲಿ ಉತ್ತರ ಅಮೆರಿಕದ ಫಲಕವೇ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ವರ್ಷಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಸರೀತಾ ಇರುತ್ತೆ. ನಿಮಗೆ ಬೇಕಿರೋದು ನಾಲ್ಕೈದು ಮಿಲಿಮೀಟರಿನ ಹಿಂಜರಿತ. ಅದೇ ಜಾಗದಲ್ಲಿ ಉತ್ತರ ಅಮೆರಿಕ ಫಲಕವನ್ನ ಸ್ಥಿರ ಅಂತ ಹಿಡಿದು ಲೆಕ್ಕ ಹಾಕಿದ ಫೈಲೂ ಸಿಗುತ್ತೆ. ಅದನ್ನ ತಗೊಳ್ಳಿ, ಪೂರ್ವ-ಪಶ್ಚಿಮದ ಕಾಲಂ ಮಾತ್ರ ನೋಡಿ. ಉತ್ತರ-ದಕ್ಷಿಣ ಆಮೇಲೆ. ಎತ್ತರದ ಕಾಲಂ ಕಡೆ ಸದ್ಯಕ್ಕೆ ಕಣ್ಣೇ ಹಾಯಿಸಬೇಡಿ.

ಅಲ್ಲಿ ನಡೀತಿರೋದು ಇಷ್ಟು. ಹ್ವಾನ್ ಡಿ ಫೂಕಾ ಅನ್ನೋ ಸಮುದ್ರತಳದ ಫಲಕ ವರ್ಷಕ್ಕೆ 4 ಸೆಂ.ಮೀ. ಹತ್ತಿರ ಉತ್ತರ ಅಮೆರಿಕದ ಕೆಳಗೆ ನುಗ್ತಾ ಇದೆ. ಮೇಲ್ಭಾಗದಲ್ಲಿ ಎರಡೂ ಕಚ್ಚಿಕೊಂಡಿವೆ. ಹಾಗಾಗಿ ಕರಾವಳಿ ಪೂರ್ತಿ ಒಳನಾಡಿನ ಕಡೆ, ಅಂದ್ರೆ ಈಶಾನ್ಯಕ್ಕೆ, ನಿಧಾನವಾಗಿ ಒತ್ತಿಸಿಕೊಳ್ತಾ ಹೋಗುತ್ತೆ. ಆದ್ರೆ ಸುಮಾರು 25ರಿಂದ 45 ಕಿ.ಮೀ. ಆಳದಲ್ಲಿ ಬಂಡೆ ಬಿಸಿಯಾಗಿ, ನೀರಿನ ಒತ್ತಡವೂ ಜಾಸ್ತಿಯಿದ್ದು, ಪೂರ್ತಿ ಕಚ್ಚಿಕೊಳ್ಳೋದೂ ಇಲ್ಲ, ಸರಾಗವಾಗಿ ಜಾರೋದೂ ಇಲ್ಲ. ಆ ಪಟ್ಟಿ ಆಗಾಗ ಬಿಟ್ಟುಕೊಟ್ಟು ಎರಡು ಮೂರು ಸೆಂ.ಮೀ. ಜಾರುತ್ತೆ. ಆಗ ಮೇಲಿರೋ ವಿಕ್ಟೋರಿಯಾ ಕೆಲವು ದಿನ ಉಲ್ಟಾ ದಿಕ್ಕಿಗೆ, ಸಮುದ್ರದ ಕಡೆಗೆ, ಬರುತ್ತೆ. ಮತ್ತೆ ಕಚ್ಚಿಕೊಳ್ಳುತ್ತೆ, ಮತ್ತೆ ಈಶಾನ್ಯಕ್ಕೆ ಪಯಣ. ಗರಗಸದ ಹಲ್ಲು ಬರೋದು ಹೀಗೆ.

"ಜಿಪಿಎಸ್ ಮಾತ್ರ ಹಿಡಿಯುತ್ತೆ" ಅನ್ನೋದು ಅರ್ಧ ಸತ್ಯ. ಅದರ ಬಗ್ಗೆ ಕೆಳಗೆ ಬರೀತೀನಿ.

ಸಂದೇಹಿ

ಕ್ಷಮಿಸಿ, ನನಗೆ ಬುಡದಲ್ಲೇ ಅನುಮಾನ. ನನ್ನ ಮೊಬೈಲಿನ ಜಿಪಿಎಸ್ ನಾನು ಮನೆಯೊಳಗೆ ಕೂತಿದ್ರೂ ಪಕ್ಕದ ರಸ್ತೆಯಲ್ಲಿದ್ದೀನಿ ಅನ್ನುತ್ತೆ. ಅದೇ ಉಪಗ್ರಹ, ಅದೇ ಸಿಗ್ನಲ್. ಇವರಿಗೆ ಮಿಲಿಮೀಟರ್ ಎಲ್ಲಿಂದ ಬಂತು? ಸರಾಸರಿ ಮಾಡಿ ಮಾಡಿ ಬೇಕಾದ ಉತ್ತರ ತೆಗೀತಿಲ್ಲ ಅಂತ ಹೇಗೆ ನಂಬೋದು?

ತಗ್ಗಿನಮನೆ

ಒಳ್ಳೆ ಪ್ರಶ್ನೆ. ಮೊಬೈಲ್ ಮುಖ್ಯವಾಗಿ ನೋಡೋದು ಸಿಗ್ನಲ್ ಮೇಲೆ ಬರೆದ ಸಂಕೇತವನ್ನ. ಅದರಿಂದ ಕೆಲವು ಮೀಟರ್ ಹತ್ತಿರಕ್ಕೆ ಹೋಗಬಹುದು, ಅಷ್ಟೇ. ಸ್ಟೇಷನ್ನಿನ ರಿಸೀವರ್ ಸಂಕೇತವನ್ನ ಹೊತ್ತು ತರೋ ಅಲೆಯನ್ನೇ ಅಳೆಯುತ್ತೆ. ಆ ಅಲೆಯ ಉದ್ದ ಸುಮಾರು 19 ಸೆಂ.ಮೀ., ಅದರೊಳಗೆ ನಾವು ಎಷ್ಟನೇ ಪಾಲಿನಲ್ಲಿದ್ದೀವಿ ಅಂತ ನೂರರಲ್ಲಿ ಒಂದು ಭಾಗದಷ್ಟು ನಿಖರವಾಗಿ ಹೇಳಬಹುದು. ಕಷ್ಟ ಇರೋದು ನಡುವೆ ಪೂರ್ತಿ ಅಲೆಗಳು ಎಷ್ಟು ಅಂತ ಎಣಿಸೋದ್ರಲ್ಲಿ.

ಉಪಗ್ರಹ 20,200 ಕಿ.ಮೀ. ಮೇಲಿದೆ. ದಾರಿಯಲ್ಲಿ ಅಯಾನುಮಂಡಲ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರ) ಸಿಗ್ನಲನ್ನ ತಡಮಾಡುತ್ತೆ. ಆ ತಡ ಒಂದೊಂದು ಆವರ್ತನಕ್ಕೆ ಒಂದೊಂದು ಥರ ಇರೋದ್ರಿಂದ 1575.42 ಮತ್ತು 1227.60 ಮೆಗಾಹರ್ಟ್ಸ್ ಎರಡನ್ನೂ ಅಳೆದು ಒಂದರಿಂದ ಇನ್ನೊಂದನ್ನ ಹೊಡೆದುಹಾಕ್ತಾರೆ. ಕೆಳಗಿನ ವಾತಾವರಣದ ಹಸಿ ಗಾಳಿಗೆ ಆ ಉಪಾಯ ನಡೆಯಲ್ಲ. ಅದನ್ನ ಸ್ಥಾನದ ಜೊತೆಗೇ ಒಂದು ಅಜ್ಞಾತ ಅಂತ ಇಟ್ಟು ಬಿಡಿಸಬೇಕು. ಉಪಗ್ರಹದ ಕಕ್ಷೆಯನ್ನ ಆಮೇಲೆ ಬರೋ ಪರಿಷ್ಕೃತ ಪಟ್ಟಿಯಿಂದ ತಗೋತಾರೆ. ಅಂತಿಮ ಪಟ್ಟಿ ಬರೋಕೆ ಸುಮಾರು ಎರಡು ವಾರ ಆಗುತ್ತೆ. 30 ಸೆಕೆಂಡಿಗೊಂದು ಅಳತೆ ಅಂದ್ರೆ ದಿನಕ್ಕೆ 2880. ಅಷ್ಟನ್ನೂ ಸೇರಿಸಿ ಆ ದಿನಕ್ಕೆ ಒಂದೇ ಒಂದು ಸ್ಥಾನ. ಅಡ್ಡದಲ್ಲಿ ಒಂದೆರಡು ಮಿ.ಮೀ. ಅಲ್ಲಾಡುತ್ತೆ, ಎತ್ತರದಲ್ಲಿ ಅದರ ಮೂರು ಪಟ್ಟಾದರೂ. ಎತ್ತರದ ಕಾಲಂ ಬೇಡ ಅಂದಿದ್ದು ಅದಕ್ಕೇ.

ಮುಖ್ಯ ವಿಷಯ, ಆಂಟೆನಾ ಬಂಡೆಗೆ ಕೂತಿರುತ್ತೆ. ನಿಮ್ಮ ಜೇಬಿನಲ್ಲಿ ಓಡಾಡಲ್ಲ.

ಥಿಯೋಡೊಲೈಟ್ ತಾತ

ಬಂಡೆಗೆ ಕೂತಿದ್ರೆ ಸರಿ. ನಾನು ಸರ್ವೆ ಕೆಲಸದಲ್ಲಿ ಇದ್ದವನು, ಈಗ ನಿವೃತ್ತ. ಒಂದು ಕಾಲೇಜಿನ ತಾರಸಿ ಮೇಲೆ ಆಂಟೆನಾ ಕೂರಿಸಿದ್ದೆವು. ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ಬೇಸಿಗೆಯಲ್ಲಿ ಎತ್ತರ ಇದ್ದಕ್ಕಿದ್ದಂತೆ ಒಂದು ಸೆಂಟಿಮೀಟರಿನಷ್ಟು ಬದಲಾಯಿತು. ಇಲಾಖೆಯಲ್ಲಿ ಗಹನವಾದ ಚರ್ಚೆ ಎಲ್ಲ ನಡೆಯಿತು. ಹೋಗಿ ನೋಡಿದರೆ ಯಾರೋ ಪಕ್ಕದಲ್ಲೇ ಕಪ್ಪು ನೀರಿನ ಟ್ಯಾಂಕು ಇಟ್ಟಿದ್ದಾರೆ. ಉಪಗ್ರಹದ ಸಿಗ್ನಲ್ಲು ಅದಕ್ಕೆ ಬಡಿದು ಸುತ್ತುಹಾಕಿಕೊಂಡು ಬರುತ್ತಿತ್ತು. ಕಾಂಕ್ರೀಟು ಕಟ್ಟಡ ಬಿಸಿಲಿಗೆ ಹಿಗ್ಗುವುದು ಬೇರೆ.

ಆದ್ದರಿಂದ ಸಿರ್ಸಿಯವರೇ, ಯಾವ ಸ್ಟೇಷನ್ನಿನ ಗ್ರಾಫು ನೋಡಿದರೂ ಮೊದಲು ಅದರ ಪೂರ್ವಾಪರ ವಿಚಾರಿಸಿ. ಆಂಟೆನಾ ಯಾವಾಗ ಬದಲಾಯಿಸಿದರು, ಅದರ ಗುಮ್ಮಟದ ಮುಚ್ಚಳ ಯಾವಾಗ ತೆಗೆದರು, ರಿಸೀವರಿನ ಸಾಫ್ಟ್‌ವೇರ್ ಯಾವಾಗ ಹೊಸದಾಯಿತು. ಇದರಲ್ಲಿ ಒಂದೊಂದೂ ಗ್ರಾಫಿನಲ್ಲಿ ಒಂದು ಮೆಟ್ಟಿಲು, ಅಂದರೆ ದಿಢೀರ್ ಜಿಗಿತ, ಹುಟ್ಟಿಸಬಲ್ಲದು.

ಸಿರ್ಸಿಯಂವ

ತಾತ, ಅದು ಸಿಕ್ತು. ಉಪಕರಣ ಬದಲಾದ ದಿನ, ಹತ್ತಿರದ ದೊಡ್ಡ ಭೂಕಂಪದ ದಿನ, ಎರಡನ್ನೂ ಸೇರಿಸಿ ನೆವಾಡಾದವರೇ ಒಂದು ಫೈಲ್ ಕೊಟ್ಟಿದ್ದಾರೆ. ಆ ದಿನಗಳಲ್ಲಿ ಮೆಟ್ಟಿಲು ತೆಗೆದೆ. ಫಲಕದ ಚೌಕಟ್ಟೂ ಬದಲಾಯಿಸಿದೆ. ಈಗ ನಿಜಕ್ಕೂ ಹಲ್ಲು ಕಾಣ್ತಿವೆ! ಆಮೇಲೆ ಮಳೆಗಾಲ-ಬೇಸಿಗೆಯ ಏರಿಳಿತ ತೆಗೆಯೋಣ ಅಂತ ವಾರ್ಷಿಕ ಸೈನ್ ಅಲೆ ಕೂರಿಸಿ ಕಳೆದೆ. ಹಲ್ಲುಗಳು ಅರ್ಧ ಮೊಂಡಾದವು. ಯಾಕೆ?

ತಗ್ಗಿನಮನೆ

ಎಷ್ಟು ವರ್ಷದ ಡೇಟಾಕ್ಕೆ ಕೂರಿಸಿದಿರಿ? ಎರಡು ಮೂರು ವರ್ಷದ ತುಂಡಾದ್ರೆ 14 ತಿಂಗಳಿನ ಹಲ್ಲಿಗೂ 12 ತಿಂಗಳಿನ ಅಲೆಗೂ ವ್ಯತ್ಯಾಸ ಗೊತ್ತಾಗಲ್ಲ. ಅಲೆ ಬಂದು ಹಲ್ಲನ್ನ ತಿಂದುಬಿಡುತ್ತೆ. ಎಂಟು ಹತ್ತು ವರ್ಷ ತಗೊಂಡ್ರೆ ಎರಡೂ ಬೇರೆಯಾಗ್ತವೆ. ಹಾಗೇ ಇಳಿಜಾರು ಕಳೆಯೋವಾಗ ಪೂರ್ತಿ ಡೇಟಾಕ್ಕೆ ಒಂದೇ ಗೆರೆ ಹಾಕಿದ್ರೆ ಬರೋದು ಜಾರಿಕೆಗಳನ್ನೂ ಸೇರಿಸಿದ ಸರಾಸರಿ ವೇಗ, ಕಚ್ಚಿಕೊಂಡಿರೋ ಕಾಲದ ವೇಗ ಬರಲ್ಲ. ಇಳಿಜಾರು, ವಾರ್ಷಿಕ ಅಲೆ, ಮೆಟ್ಟಿಲು, ಜಾರಿಕೆ ನಾಲ್ಕನ್ನೂ ಒಟ್ಟಿಗೇ ಬಿಡಿಸಿ. ಒಂದಾದ ಮೇಲೊಂದು ಕಳೀತಾ ಹೋದ್ರೆ ಮೊದಲು ಕಳೆದದ್ದು ಉಳಿದದ್ದರ ಪಾಲನ್ನ ಹೊತ್ಕೊಂಡು ಹೋಗುತ್ತೆ.

ಇನ್ನೊಂದು ಕಳ್ಳ ಇದ್ದಾನೆ. ಜಿಪಿಎಸ್ ಉಪಗ್ರಹಗಳ ಕಕ್ಷೆಯ ಸಮತಲ ಸೂರ್ಯನಿಗೆ ಮತ್ತೆ ಅದೇ ಕೋನದಲ್ಲಿ ಬರೋಕೆ ಸುಮಾರು 351 ದಿನ ಸಾಕು. ಸೂರ್ಯನ ಬೆಳಕಿನ ಒತ್ತಡದ ಲೆಕ್ಕದಲ್ಲಿ ಇರೋ ಕೊರತೆ ಆ ಅವಧಿಯ ಏರಿಳಿತವಾಗಿ ಪ್ರಪಂಚದ ಸ್ಟೇಷನ್ನುಗಳಲ್ಲೆಲ್ಲ ಕಾಣಿಸುತ್ತೆ. ವಾರ್ಷಿಕ ಅಲೆ ತೆಗೆದ ಮೇಲೂ ಒಂದು ಚೂರು ಉಳಿದಿದ್ರೆ ಅದು ಇದೇ ಇರಬಹುದು.

ಷೇರುಪೇಟೆ ಶೆಟ್ರು

ಸುಮ್ಮನೆ ಓದ್ತಾ ಇದ್ದೆ ಮಾರಾಯ್ರೆ. ಈ ಗ್ರಾಫು ನೋಡಿದ್ರೆ ನಮ್ಮ ಕ್ಯಾಂಡಲ್ ಚಾರ್ಟಿನ ನೆನಪಾಗ್ತದೆ. ಏರ್ತಾ ಏರ್ತಾ ಹೋಗಿ ದಡಕ್ಕನೆ ಬೀಳುದು. ನೀವೆಲ್ಲ ಇಷ್ಟು ಕಷ್ಟ ಯಾಕೆ ಪಡುದು, ಷೇರಿನ ಬೆಲೆಯ ಏರಿಳಿತದ ಜೋರು ತೋರಿಸುವ ಸೂಚ್ಯಂಕ ಉಂಟಲ್ಲ, ಒಂದು ಆರ್‌ಎಸ್‌ಐ ಹಾಕಿ ನೋಡಿ. 70ರ ಮೇಲೆ ಹೋದ್ರೆ ಮಾರು, 30ರ ಕೆಳಗೆ ಬಂದ್ರೆ ತಗೋ. (ತಮಾಷೆಗೆ ಹೇಳಿದ್ದು, ಬೈಬೇಡಿ.)

ತಗ್ಗಿನಮನೆ

ಬೈಯೋದು ಯಾಕೆ ಶೆಟ್ರೇ, ಅದನ್ನ ನಿಜವಾಗಿ ಮಾಡಿದ್ದಾರೆ! 1978ರಲ್ಲಿ ವೆಲ್ಸ್ ವೈಲ್ಡರ್ ಷೇರುಪೇಟೆಗೆ ಅಂತ ಕೊಟ್ಟ ಅದೇ ಆರ್‌ಎಸ್‌ಐ. 2016ರಲ್ಲಿ ಬ್ರೆಂಡನ್ ಕ್ರೋವೆಲ್, ಯೆಹುದಾ ಬಾಕ್ ಮತ್ತು ಜೆನ್ ಲಿಯು ಸೇರಿ ಅದನ್ನ ಕ್ಯಾಸ್ಕೇಡಿಯಾದ (ನಾವು ಮಾತಾಡ್ತಿರೋ ಇದೇ ಕರಾವಳಿ ವಲಯದ) ಸ್ಟೇಷನ್ನುಗಳ ಮೇಲೆ ಓಡಿಸಿ ನಿಧಾನ ಜಾರಿಕೆ ತಾನಾಗಿ ಗುರುತಿಸೋ ವಿಧಾನ ಪ್ರಕಟಿಸಿದರು. ಏರಿಕೆಯ ದಿನಗಳ ಸರಾಸರಿ, ಇಳಿಕೆಯ ದಿನಗಳ ಸರಾಸರಿ, ಎರಡರ ಅನುಪಾತ. ಸ್ಟೇಷನ್ ಮಾಮೂಲಿ ದಿಕ್ಕು ಬಿಟ್ಟು ಒಂದೇ ಕಡೆಗೆ ಹಟ ಹಿಡಿದು ಸರಿಯೋಕೆ ಶುರು ಮಾಡಿದ್ರೆ ಆರ್‌ಎಸ್‌ಐ ಅಂಚಿಗೆ ಹೋಗುತ್ತೆ. ಅದರ ಅನುಕೂಲ ಏನಂದ್ರೆ ಒಂದೊಂದೇ ಸ್ಟೇಷನ್ನಿಗೆ ಹಾಕಬಹುದು, ನೆಲದೊಳಗಿನ ಮಾದರಿ ಏನೂ ಬೇಡ.

ಆದ್ರೆ ಒಂದೇ ಸ್ಟೇಷನ್ ಕೂಗಿದ್ರೆ ನಂಬೋ ಹಾಗಿಲ್ಲ. ಪಕ್ಕಪಕ್ಕದ ಹಲವು ಕೂಗ್ಬೇಕು, ಅದೂ ಒಂದಾದ ಮೇಲೊಂದು.

ಷೇರುಪೇಟೆ ಶೆಟ್ರು

ದೇವರೇ. ಇನ್ನು ಮನೆಯಲ್ಲಿ ಕೇಳಿದ್ರೆ ನಾನು ಭೂವಿಜ್ಞಾನ ಮಾಡ್ತಾ ಇದ್ದೇನೆ ಅಂತ ಹೇಳ್ಬಹುದು.

ಸಂದೇಹಿ

ಒಂದಾದ ಮೇಲೊಂದು ಅಂದ್ರೆ?

ತಗ್ಗಿನಮನೆ

ಜಾರಿಕೆ ಫಲಕದ ಉದ್ದಕ್ಕೂ ನಡೆದುಕೊಂಡು ಹೋಗುತ್ತೆ, ದಿನಕ್ಕೆ ಐದಾರರಿಂದ ಹತ್ತು ಕಿ.ಮೀ. ಮಾಮೂಲಿ ಭೂಕಂಪದಲ್ಲಿ ಬಿರುಕು ಸೆಕೆಂಡಿಗೆ ಎರಡು ಮೂರು ಕಿ.ಮೀ. ಓಡುತ್ತೆ. ಹಾಗಾಗಿ ಇಲ್ಲಿ ಒಂದು ಸ್ಟೇಷನ್ ತಿರುಗಿ ವಾರದ ಮೇಲೆ ಅದರ ನೆರೆಯದು ತಿರುಗುತ್ತೆ.

1999ರಲ್ಲಿ ಮೊದಲ ಸಲ ಗೊತ್ತಾಗಿದ್ದೂ ಹೀಗೇ. ಕೆನಡಾದ ಭೂವೈಜ್ಞಾನಿಕ ಸರ್ವೆಯ ಹರ್ಬ್ ಡ್ರಾಗರ್ಟ್, ಕೆಲಿನ್ ವಾಂಗ್, ಥಾಮಸ್ ಜೇಮ್ಸ್ ಸೇರಿ ನೋಡ್ತಿದ್ದ ಸ್ಟೇಷನ್ನುಗಳಲ್ಲಿ ಏಳು ಆ ಬೇಸಿಗೆಯಲ್ಲಿ ಸ್ವಲ್ಪ ಕಾಲ ಉಲ್ಟಾ ಹೋಗಿದ್ದವು. ಎಲ್ಲ ಒಂದೇ ದಿನ ಉಲ್ಟಾ ಆಗಿದ್ರೆ ಕಕ್ಷೆಯ ದೋಷ ಅಂತ ಬಿಟ್ಟುಬಿಡ್ತಿದ್ರೇನೋ. ಒಂದರ ಹಿಂದೊಂದು ಆದದ್ದರಿಂದ ಅದು ನೆಲದ್ದೇ ಅಂತ ಗಟ್ಟಿಯಾಯ್ತು. 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 50 ಕಿ.ಮೀ. ಅಗಲ, 300 ಕಿ.ಮೀ. ಉದ್ದದ ಪಟ್ಟಿ ಸುಮಾರು 2 ಸೆಂ.ಮೀ. ಜಾರಿದೆ, ಮಾಮೂಲಿ ಭೂಕಂಪವಾಗಿದ್ರೆ ಮ್ಯಾಗ್ನಿಟ್ಯೂಡ್ 6.7 ಅಂತ ಲೆಕ್ಕ ಕೊಟ್ಟರು.

ಥಿಯೋಡೊಲೈಟ್ ತಾತ

ಆ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿದೆ. ವಿಸ್ತೀರ್ಣ 15,000 ಚದರ ಕಿ.ಮೀ., ಅಂದರೆ 1500 ಕೋಟಿ ಚದರ ಮೀಟರು. ಜಾರಿದ್ದು 0.02 ಮೀ. ಆ ಆಳದ ಬಂಡೆಯ ಗಡಸು 40 ಗಿಗಾಪಾಸ್ಕಲ್ ಎಂದು ಹಿಡಿದೆ. ಮೂರನ್ನೂ ಗುಣಿಸಿದರೆ 12ರ ಮುಂದೆ 18 ಸೊನ್ನೆ ನ್ಯೂಟನ್-ಮೀಟರ್. ಲಾಗರಿದಮ್ ತೆಗೆದರೆ 19.08. ಅದರಲ್ಲಿ 9.1 ಕಳೆದು ಒಂದೂವರೆಯಿಂದ ಭಾಗಿಸಿದರೆ 6.65. ಗಡಸು 30 ಎಂದು ಹಿಡಿದರೆ 6.57 ಬರುತ್ತದೆ. ಸರಿಯಾಗಿದೆ.

ಅಷ್ಟು ದೊಡ್ಡದು ಕೆಳಗೆ ನಡೆದಾಗ ಮೇಲೆ ಜನ ಕಾಫಿ ಕುಡಿಯುತ್ತ ಕೂತಿದ್ದರಲ್ಲ ಎಂಬುದೇ ನನಗೆ ಸೋಜಿಗ.

ತಗ್ಗಿನಮನೆ

ತಾತ, ಜಾರೋ ವೇಗ ದಿನಕ್ಕೆ ಒಂದೆರಡು ಮಿ.ಮೀ. ಮಾಮೂಲಿ ಭೂಕಂಪದಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಅಲೆ ಎಬ್ಬಿಸೋಕೆ ಬೇಕಾದ ದುಡುಕೇ ಇಲ್ಲ.

ಈಗ ಬಾಕಿ ಉಳಿಸಿದ್ದ ಅರ್ಧ ಸತ್ಯ. ಭೂಕಂಪಮಾಪಕಕ್ಕೆ ಜಾರಿಕೆ ಕಾಣಲ್ಲ, ಅದರ ಗುನುಗು ಕಾಣುತ್ತೆ. ಜಪಾನಿನ ಕಜುಶಿಗೆ ಒಬಾರಾ 2002ರಲ್ಲಿ ಹೈ-ನೆಟ್ ಅನ್ನೋ ಭೂಕಂಪಮಾಪಕಗಳ ಜಾಲದ ದಾಖಲೆಯಲ್ಲಿ, ಜ್ವಾಲಾಮುಖಿ ಇಲ್ಲದ ಜಾಗದಲ್ಲಿ, ಆಳದಿಂದ ಬರೋ ಸಣ್ಣ ಕಂಪನ ಗುರುತಿಸಿದರು. ಗಾಡಿ ಓಡಾಟದ ಗದ್ದಲ ಅಂತ ಬದಿಗಿಡೋ ಅಂಥದ್ದು. ಮರುವರ್ಷ ಗ್ಯಾರಿ ರೋಜರ್ಸ್ ಮತ್ತು ಡ್ರಾಗರ್ಟ್ ಕ್ಯಾಸ್ಕೇಡಿಯಾದಲ್ಲೂ ಅದನ್ನ ಹುಡುಕಿದಾಗ ಜಿಪಿಎಸ್ ಹಲ್ಲು ಬಿದ್ದಾಗೆಲ್ಲ ಅದೇ ದಿನಗಳಲ್ಲಿ ಗುನುಗೂ ಇತ್ತು. ಇವತ್ತು ಈ ಗುನುಗಿನ, ಅಂದ್ರೆ ಟ್ರೆಮರ್, ಪಟ್ಟಿ ದಿನಾ ಹೊಸದಾಗುತ್ತೆ. ಸಿರ್ಸಿಯವರೇ, ನಿಮ್ಮ ಹಲ್ಲುಗಳ ತಾರೀಕನ್ನ ಆ ಪಟ್ಟಿ ಪಕ್ಕ ಇಟ್ಟು ನೋಡಿ. ಎರಡು ಬೇರೆ ಬೇರೆ ಉಪಕರಣ, ಒಂದಕ್ಕೊಂದು ಸಂಬಂಧ ಇಲ್ಲದ ದೋಷಗಳು. ಎರಡೂ ಒಂದೇ ಮಾತು ಹೇಳಿದ್ರೆ ಸಂದೇಹಿಗಳೂ ಸುಮ್ಮನಾಗಬೇಕು :)

ಕಲಬುರಗಿ ಅಕ್ಕ

ಏನ್ರೀಪಾ, ನಾನು ವಿಜ್ಞಾನದಾಕಿ ಅಲ್ಲ, ಖರೇ ಹೇಳ್ರಿ. 2021ರಾಗ ನಮ್ಮ ಕಡಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಾಗ ಮ್ಯಾಲಿಂದ ಮ್ಯಾಲೆ ನೆಲ ನಡುಗಿ, ಸಪ್ಪಳ ಬಂದು, ಮಂದಿ ಮನಿ ಬಿಟ್ಟು ಹೊರಗ ಮಲಗಿದ್ರು. ಆಗ ಯಾರೋ ವಾಟ್ಸಾಪ್‌ನಾಗ "ಇದು ನಿಧಾನ ಭೂಕಂಪ, ಮುಂದ ದೊಡ್ಡದು ಬರ್ತದ" ಅಂತ ಹಾಕಿದ್ರು. ಇದಕ್ಕೂ ಅದಕ್ಕೂ ಏನರ ಸಂಬಂಧ ಅದ ಏನು?

ತಗ್ಗಿನಮನೆ

ಇಲ್ಲ ಅಕ್ಕ. ನಿಮ್ಮ ಕಡೆ ಆದದ್ದು ನೆಲದ ಮೇಲ್ಪದರದಲ್ಲಿ ಆಗೋ ಸಣ್ಣ ಮಾಮೂಲಿ ಭೂಕಂಪಗಳು. ಮೇಲ್ಪದರದಲ್ಲೇ ಆಗೋದ್ರಿಂದ ಚಿಕ್ಕದಾದ್ರೂ ಢಬ್ ಅನ್ನೋ ಸಪ್ಪಳ ಕಿವಿಗೆ ಬೀಳುತ್ತೆ. ನಾವು ಮಾತಾಡ್ತಿರೋ ನಿಧಾನ ಭೂಕಂಪದ ಲಕ್ಷಣವೇ ಯಾರಿಗೂ ಕೇಳಿಸದೆ, ನಡುಗಿಸದೆ ಆಗೋದು. ನೆಲ ನಡುಗಿ ಜನ ಹೊರಗೆ ಬಂದ್ರು ಅಂದ್ರೆ ಅದು ನಿಧಾನದ್ದಲ್ಲ ಅಂತ ಅಲ್ಲೇ ಗೊತ್ತಾಯ್ತು. ಹಾಗಂತ ಅದನ್ನ ಹಗುರವಾಗಿ ತಗೋಬೇಕು ಅಂತಲ್ಲ. 1993ರ ಕಿಲ್ಲಾರಿ ನಿಮ್ಮಿಂದ ದೂರ ಏನಲ್ಲ. ಮಣ್ಣು-ಕಲ್ಲಿನ ಗೋಡೆಯ ಮನೆ ಇದ್ರೆ ಅದನ್ನ ಗಟ್ಟಿ ಮಾಡಿಸ್ಕೊಳ್ಳೋ ಮಾತು ಬೇರೆಯದೇ.

ಕಲಬುರಗಿ ಅಕ್ಕ

ಕಿಲ್ಲಾರಿ ಆದಾಗ ನಮ್ಮ ಮನಿ ಪಾತ್ರಿ ಎಲ್ಲಾ ಬಿದ್ದಿದ್ದು ನೆನಪದ. ಆತ್ ಬಿಡ್ರಿ, ಆ ವಾಟ್ಸಾಪ್ ಹಾಕಿದವನ್ನ ಹಿಡಕೊಂಡು ಇದನ್ನ ಓದಿಸ್ತೀನಿ.

ಚಿಬಾದವಳು

ಯಾರಿಗೂ ಗೊತ್ತಾಗದ ಹಾಗೆ ಅನ್ನೋದು ಎಲ್ಲ ಕಡೆ ಅಲ್ಲ. ನಾನಿರೋದು ಟೋಕಿಯೋ ಪಕ್ಕದ ಚಿಬಾದಲ್ಲಿ. ಬೋಸೋ ಪರ್ಯಾಯ ದ್ವೀಪದ ಕೆಳಗೆ ನಿಧಾನ ಜಾರಿಕೆ ಆಗ್ತಿರುತ್ತೆ: 1996, 2002, 2007, 2011, 2014, 2018, ಮತ್ತೆ 2024. ಇಲ್ಲಿ ಅದರ ಜೊತೆಗೆ ಸಣ್ಣ ಭೂಕಂಪಗಳ ಹಿಂಡೇ ಬರುತ್ತೆ. 2024ರ ಫೆಬ್ರವರಿ ಕೊನೆಯಲ್ಲಿ ಶುರುವಾದಾಗ ಫೋನಿಗೆ ಮೇಲಿಂದ ಮೇಲೆ ಸೂಚನೆ. ಅಡುಗೆಮನೆಯಲ್ಲಿ ನೇತುಹಾಕಿದ ಸೌಟುಗಳು ಕಿಣಿಕಿಣಿ ಅನ್ನೋದು, ನಿಲ್ಲೋದು, ಮತ್ತೆ ಅನ್ನೋದು. ಸರ್ಕಾರದ ಭೂಮಾಪನ ಸಂಸ್ಥೆಯವರು ಜಿಪಿಎಸ್ ನೋಡಿ ಕೆಳಗೆ ಫಲಕ ಜಾರ್ತಿದೆ ಅಂತ ಕೆಲವೇ ದಿನಗಳಲ್ಲಿ ಹೇಳಿದರು. ಅವರ ಜಾಲ ಜಿಯೋನೆಟ್, ದೇಶದ ತುಂಬ ಸುಮಾರು 1300 ಸ್ಟೇಷನ್, 20 ಕಿ.ಮೀ.ಗೆ ಒಂದರಂತೆ. ಶಾಲೆಯ ಅಂಗಳದಲ್ಲೂ ಇರ್ತವೆ. ಐದು ಮೀಟರ್ ಎತ್ತರದ ಉಕ್ಕಿನ ಕಂಬ, ತುದಿಗೆ ಬಿಳಿ ಟೊಪ್ಪಿ.

ಆ ವರ್ಷಗಳ ಅಂತರ ಗಮನಿಸಿ. ಆರು, ಐದು, ನಾಲ್ಕು, ಮೂರು ಅಂತ ಕುಗ್ಗುತ್ತಾ ಬಂದು ಮತ್ತೆ ಹಿಗ್ಗಿದೆ. 2011ರ ತೊಹೊಕು ಮಹಾಕಂಪ ಇಲ್ಲಿನ ಒತ್ತಡವನ್ನೂ ಕಲಕಿತು ಅಂತಾರೆ. 14 ತಿಂಗಳಿಗೊಮ್ಮೆ ಅನ್ನೋ ಅಚ್ಚುಕಟ್ಟು ಎಲ್ಲ ಕಡೆ ಸಿಗಲ್ಲ. ಜಪಾನಿನದೇ ಬುಂಗೋ ಜಲಸಂಧಿಯಲ್ಲಿ ಆರೇಳು ವರ್ಷಕ್ಕೊಮ್ಮೆ, ಆದ್ರೆ ಒಂದೊಂದು ತಿಂಗಳುಗಟ್ಟಲೆ.

ಸಂದೇಹಿ

ನಾನು ಕಾಯ್ತಿದ್ದ ಜಾಗಕ್ಕೆ ಬಂದಿರಿ. ಹಾಗಾದ್ರೆ ಇದರಿಂದ ದೊಡ್ಡ ಭೂಕಂಪ ಮೊದಲೇ ಗೊತ್ತಾಗುತ್ತೋ ಇಲ್ಲವೋ? 2023ರಲ್ಲಿ ಫ್ರಾನ್ಸಿನವರು ಎರಡು ಗಂಟೆ ಮೊದಲೇ ಜಿಪಿಎಸ್‌ನಲ್ಲಿ ಸುಳಿವು ಸಿಗುತ್ತೆ ಅಂದಿದ್ದರಲ್ಲ, ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು.

ತಗ್ಗಿನಮನೆ

ಆ ಕತೆಯನ್ನ ಪೂರ್ತಿ ಹೇಳ್ಬೇಕು, ಯಾಕಂದ್ರೆ ಸಿರ್ಸಿಯವರು ಈಗ ಮಾಡ್ತಿರೋ ಕೆಲಸದ ಪಾಠವೇ ಅದರಲ್ಲಿದೆ.

ಕ್ವೆಂಟಿನ್ ಬ್ಲೆಟರಿ ಮತ್ತು ಜಾನ್-ಮಥ್ಯೂ ನೊಕೆ ಮ್ಯಾಗ್ನಿಟ್ಯೂಡ್ 7 ದಾಟಿದ 90 ಭೂಕಂಪ ಆರಿಸಿಕೊಂಡರು. ಸುತ್ತಮುತ್ತಲ ಸ್ಟೇಷನ್ನುಗಳ 5 ನಿಮಿಷಕ್ಕೊಂದರ ಡೇಟಾ, ಒಟ್ಟು 3026 ದಾಖಲೆ. ಮುಂದೆ ಭೂಕಂಪ ಆದಾಗ ಪ್ರತಿ ಸ್ಟೇಷನ್ ಯಾವ ಕಡೆ ಸರೀಬೇಕೋ ಆ ದಿಕ್ಕಿಗೆ, ಭೂಕಂಪಕ್ಕೆ ಮೊದಲಿನ ಚಲನೆ ಎಷ್ಟು ಹೊಂದುತ್ತೆ ಅಂತ ನೋಡಿ ಎಲ್ಲವನ್ನೂ ಕೂಡಿದರು. ಕೂಡಿದ ಗೆರೆ ಕೊನೆಯ ಎರಡು ಗಂಟೆಯಲ್ಲಿ ಮೇಲೇರ್ತಾ ಹೋಯ್ತು. ಸೈನ್ಸ್ ಪತ್ರಿಕೆಯಲ್ಲಿ ಬಂತು. ಒಂದೊಂದೇ ಭೂಕಂಪಕ್ಕೆ ಇದನ್ನ ಈಗಿನ ಉಪಕರಣದಲ್ಲಿ ಕಾಣೋಕಾಗಲ್ಲ ಅಂತ ಅವರೇ ಬರೆದಿದ್ದರು. ಸುದ್ದಿಯಲ್ಲಿ ಆ ಸಾಲು ಬಿಟ್ಟುಹೋಯ್ತು, ಮಾಮೂಲಿನಂತೆ.

ಕೆಲವೇ ದಿನಗಳಲ್ಲಿ ಕೈಲ್ ಬ್ರ್ಯಾಡ್ಲಿ ಮತ್ತು ಜೂಡಿತ್ ಹಬ್ಬರ್ಡ್ ಅದೇ ಡೇಟಾ, ಅದೇ ಲೆಕ್ಕ ಮತ್ತೆ ಓಡಿಸಿದರು. ಒಂದು ಪ್ರದೇಶದ ಸ್ಟೇಷನ್ನುಗಳೆಲ್ಲ ಕಕ್ಷೆ, ಗಡಿಯಾರ, ವಾತಾವರಣದ ದೋಷದಿಂದ ಒಟ್ಟಿಗೇ ಒಂದೇ ಕಡೆ ತೂಗಾಡ್ತವೆ. ಆ ಸಮಾನ ಗದ್ದಲವನ್ನ ಕಳೆದರು. ಏರಿಕೆ ಮಾಯ. ಡೇಟಾ, ಕೋಡ್ ಎರಡನ್ನೂ ಮೂಲ ಲೇಖಕರು ತೆರೆದಿಟ್ಟಿದ್ದರಿಂದಲೇ ಇದು ಸಾಧ್ಯ ಆಯ್ತು, ಅದನ್ನ ಮೆಚ್ಚಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಆ ಎರಡು ಗಂಟೆಯ ಸುಳಿವು ಸದ್ಯಕ್ಕೆ ನಿಲ್ಲಲ್ಲ.

ವಾರ-ತಿಂಗಳ ಲೆಕ್ಕದ ಸುಳಿವು ಬೇರೆ ವಿಷಯ. 2014ರಲ್ಲಿ ಚಿಲಿಯ ಇಕಿಕೆ ಭೂಕಂಪಕ್ಕೆ (8.1) ಮೊದಲು ಕರಾವಳಿಯ ಸ್ಟೇಷನ್ನುಗಳು ಸಮುದ್ರದ ಕಡೆ ಸರೀತಿದ್ದವು. ಅದೇ ವರ್ಷ ಮೆಕ್ಸಿಕೋದ ಪಪನೋವಾ (7.3) ಆದದ್ದೂ ಗೆರೆರೋದ ನಿಧಾನ ಜಾರಿಕೆ ನಡೀತಿದ್ದಾಗಲೇ. ಗೆರೆರೋದಲ್ಲಿ ಇದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಆಗುತ್ತೆ, ತಿಂಗಳುಗಟ್ಟಲೆ ನಡೆಯುತ್ತೆ, ಲೆಕ್ಕಕ್ಕೆ 7.5ರ ಸುತ್ತ ಬರುತ್ತೆ. ಸುಮಾತ್ರಾ ಬಳಿಯ ಸಿಮೆಯುಲುವಿನಲ್ಲಿ ಹವಳದ ಬೆಳವಣಿಗೆ ಓದಿ, 1861ರ ಮಹಾಕಂಪಕ್ಕೆ ಮೊದಲು 32 ವರ್ಷ ನಡೆದ ಜಾರಿಕೆಯನ್ನ ಋಷವ್ ಮಲ್ಲಿಕ್ ಮತ್ತವರ ತಂಡ 2021ರಲ್ಲಿ ತೋರಿಸಿತು. ಸರಿ. ಆದ್ರೆ ಕ್ಯಾಸ್ಕೇಡಿಯಾದಲ್ಲಿ ಸಾಲುಸಾಲಾಗಿ ಜಾರಿಕೆ ಆಗಿವೆ, ಒಂದರ ಹಿಂದೆಯೂ ದೊಡ್ಡದು ಬಂದಿಲ್ಲ. ಅಲ್ಲಿನ ಕೊನೆಯ ಮಹಾಕಂಪ 1700ರ ಜನವರಿ 26ರದು. ಪ್ರತಿ ಜಾರಿಕೆಯೂ ಮೇಲೆ ಕಚ್ಚಿಕೊಂಡಿರೋ ಭಾಗಕ್ಕೆ ಒಂಚೂರು ಒತ್ತಡ ಸೇರಿಸುತ್ತೆ, ಅದು ಲೆಕ್ಕದಿಂದ ಗೊತ್ತು. ಯಾವ ಚೂರು ಕೊನೆಯದು ಅಂತ ಹೇಳೋ ಲೆಕ್ಕ ಇನ್ನೂ ಇಲ್ಲ.

ಚಿಬಾದವಳು

ಇಲ್ಲಿನ ಸರ್ಕಾರ ಅದನ್ನ ಭವಿಷ್ಯವಾಣಿ ಅಂತ ಹೇಳದೆ ಎಚ್ಚರಿಕೆಯ ಮಟ್ಟ ಏರಿಸೋಕೆ ಬಳಸುತ್ತೆ. ನಾನ್‌ಕಾಯ್ ತಗ್ಗಿನ (ದಕ್ಷಿಣ ಜಪಾನಿನ ಕರಾವಳಿಯಾಚೆ ಸಮುದ್ರತಳದಲ್ಲಿರೋ ಫಲಕದ ಗಡಿ) ಉದ್ದಕ್ಕೂ ಅಸಹಜವಾದ ನಿಧಾನ ಜಾರಿಕೆ ಕಂಡರೆ ಹವಾಮಾನ ಸಂಸ್ಥೆ ವಿಶೇಷ ಸೂಚನೆ ಹೊರಡಿಸಬಹುದು. 2024ರ ಆಗಸ್ಟ್ 8ರಂದು ಮೊದಲ ಸಲ ಅಂಥ ಸೂಚನೆ ಬಂತು. ಆದ್ರೆ ಅವತ್ತಿನ ಕಾರಣ ಹ್ಯೂಗಾನಾಡಾದ 7.1ರ ಮಾಮೂಲಿ ಭೂಕಂಪ, ನಿಧಾನದ್ದಲ್ಲ. ಅಂಗಡಿಯಲ್ಲಿ ನೀರಿನ ಬಾಟ್ಲಿ ಖಾಲಿ. ಒಂದು ವಾರದ ಮೇಲೆ ಸೂಚನೆ ಹಿಂತೆಗೆದರು.

ಸಿರ್ಸಿಯಂವ

ಸಮಾನ ಗದ್ದಲ ಕಳೆಯೋದು ಓದಿದ ಮೇಲೆ ನಾನೂ ಮಾಡಿದೆ. ವಿಕ್ಟೋರಿಯಾ ಇರೋ ವ್ಯಾಂಕೂವರ್ ದ್ವೀಪದ ಸ್ಟೇಷನ್ನುಗಳನ್ನೆಲ್ಲ ಸೇರಿಸಿ ದಿನದ ಸರಾಸರಿ ತೆಗೆದು ಎಲ್ಲದರಿಂದ ಕಳೆದೆ. ಚುಕ್ಕಿಗಳೇನೋ ಒಟ್ಟಾದವು, ಆದ್ರೆ ಹಲ್ಲುಗಳೂ ಸಣ್ಣವಾದವು.

ತಗ್ಗಿನಮನೆ

ಆಗಲೇಬೇಕು. ಜಾರೋ ಪಟ್ಟಿಯ ಮೇಲಿರೋ ಸ್ಟೇಷನ್ನುಗಳ ಸರಾಸರಿಯಲ್ಲಿ ಜಾರಿಕೆಯೂ ಸೇರಿರುತ್ತೆ, ಅದನ್ನೇ ಕಳೆದ್ರೆ ಸಿಗ್ನಲನ್ನ ಸಿಗ್ನಲಿನಿಂದಲೇ ಕಳೆದ ಹಾಗೆ. ಸರಾಸರಿಗೆ ಒಳನಾಡಿನವನ್ನ ತಗೊಳ್ಳಿ. ಪೆಂಟಿಕ್ಟನ್ ಬಳಿಯ ಸ್ಟೇಷನ್ (ಡಿಆರ್‌ಎಓ) ಹಳೇ ಕಾಲದಿಂದ ಇದೆ, ಜಾರಿಕೆಯ ಪಟ್ಟಿಯಿಂದ ಸಾಕಷ್ಟು ದೂರ. ಅದರ ಸುತ್ತಲಿನವನ್ನ ಸೇರಿಸಿ. ತೀರಾ ದೂರ ಹೋದ್ರೆ ಗದ್ದಲ ಸಮಾನವಾಗಿರಲ್ಲ, ತೀರಾ ಹತ್ತಿರ ಬಂದ್ರೆ ಹಲ್ಲು ಹೋಗುತ್ತೆ. ಕೈಯಾಡಿಸಿ ನೋಡಿಯೇ ಹದ ಹಿಡೀಬೇಕು.

ಬೆಂಗಳೂರಿನ ಪ್ರಶ್ನೆ ಹಾಗೇ ಉಳಿದಿತ್ತು. ಐಐಎಸ್‌ಸಿ ಸ್ಟೇಷನ್ ವರ್ಷಕ್ಕೆ 5 ಸೆಂ.ಮೀ.ಗಿಂತ ತುಸು ಜಾಸ್ತಿ ಈಶಾನ್ಯಕ್ಕೆ ಹೋಗುತ್ತೆ, ಇಡೀ ಭಾರತದ ಫಲಕದ ಜೊತೆ. ಅದರ ಕೆಳಗೆ ಜಾರೋಕೆ ಫಲಕದ ಗಡಿಯೇ ಇಲ್ಲ. ಹಲ್ಲು ಕಂಡ್ರೆ ಅದು ಉಪಕರಣದ್ದೇ. ಆದ್ರೆ ಅದೇ ಕಾರಣಕ್ಕೆ ನಿಮಗೆ ಅದು ಉಪಯೋಗ: ನಿಮ್ಮ ಪ್ರೋಗ್ರಾಮನ್ನ ಅದರ ಮೇಲೆ ಓಡಿಸಿ, ಎಷ್ಟು ಸುಳ್ಳು ಜಾರಿಕೆ ಹುಡುಕುತ್ತೆ ಅಂತ ಎಣಿಸಿ. ಎತ್ತರದ ಕಾಲಂ ಮಾತ್ರ ಅಲ್ಲಿ ಕುತೂಹಲದ್ದು, ಮುಂಗಾರಿನ ನೀರಿನ ಭಾರಕ್ಕೆ ನೆಲ ತಗ್ಗಿ ಬೇಸಿಗೆಯಲ್ಲಿ ಏರೋದು ಕಾಣುತ್ತೆ.

ಸಿರ್ಸಿಯಂವ

ಮಾಡಿದೆ. ಆರ್‌ಎಸ್‌ಐ ವಿಧಾನ (ಶೆಟ್ರಿಗೆ ಥ್ಯಾಂಕ್ಸ್!) ಒಂದೇ ಸ್ಟೇಷನ್ನಿಗೆ ಹಾಕಿದ್ರೆ ಬೆಂಗಳೂರಲ್ಲೂ ಜಾರಿಕೆ ಹುಡುಕಿಬಿಡುತ್ತೆ. ವಿಕ್ಟೋರಿಯಾ ಸುತ್ತಲ ಕೆಲವು ಸ್ಟೇಷನ್ ಒಟ್ಟಿಗೆ ಕೂಗ್ಬೇಕು ಅನ್ನೋ ನಿಯಮ ಇಟ್ಟ ಮೇಲೆ ಉಳಿದ ತಾರೀಕುಗಳು ಟ್ರೆಮರ್ ಪಟ್ಟಿ ಜೊತೆ ಕೂತವು. ಒಂದು ಮಾತ್ರ ಕೂರ್ತಿಲ್ಲ. ಬೆಟ್ಟದ ಮೇಲಿನ ಒಂದು ಸ್ಟೇಷನ್, ಜನವರಿಯಲ್ಲಿ ಕೆಲವು ಮಿ.ಮೀ. ಸರಿದಿದೆ. ಎತ್ತರದಲ್ಲಂತೂ ಸೆಂಟಿಮೀಟರುಗಟ್ಟಲೆ. ಆ ದಿನಗಳಲ್ಲಿ ಟ್ರೆಮರ್ ಇಲ್ಲ.

ಥಿಯೋಡೊಲೈಟ್ ತಾತ

ಜನವರಿ, ಬೆಟ್ಟ, ಎತ್ತರದಲ್ಲಿ ಹೆಚ್ಚು. ಆಂಟೆನಾ ಮೇಲೆ ಹಿಮ ಕೂತಿದೆ. ವಸಂತಕ್ಕೆ ಹಿಂದಿನ ಜಾಗಕ್ಕೇ ವಾಪಸು ಬಂದಿದೆಯೇ ನೋಡಿ. ಜಾರಿಕೆಯಾಗಿದ್ದರೆ ಹಾಗೆ ಪಟ್ಟನೆ ವಾಪಸು ಬರುವುದಿಲ್ಲ, ಸರಿದದ್ದು ಸರಿದೇ ಇರುತ್ತದೆ, ಅಲ್ಲಿಂದ ಮತ್ತೆ ತಿಂಗಳುಗಟ್ಟಲೆ ಈಶಾನ್ಯಕ್ಕೆ ತೆವಳಬೇಕು.

ಸಿರ್ಸಿಯಂವ

ಮಾರ್ಚ್ ಹೊತ್ತಿಗೆ ಅಲ್ಲಿಗೇ ವಾಪಸ್ ಬಂದಿದೆ ತಾತ. ಪಟ್ಟಿಯಿಂದ ತೆಗೆದೆ.

ಮುಂದಿನದ್ದು ಸರಿದ ಮಿಲಿಮೀಟರುಗಳಿಂದ ಕೆಳಗೆ ಎಷ್ಟು ಜಾರಿದೆ ಅಂತ ಲೆಕ್ಕ ಹಾಕೋದು. ಆಳದಲ್ಲಿ ಒಂದು ಚಪ್ಪಟೆ ಬಿರುಕು ಜಾರಿದ್ರೆ ಮೇಲಿನ ನೆಲ ಎಷ್ಟು ಸರಿಯುತ್ತೆ ಅಂತ ಹೇಳೋ ಒಕಾಡಾ ಸೂತ್ರ (1985) ಸಾಕಾ, ಅಥವಾ ಬಾಗಿದ ಫಲಕದ ಮಾದರಿಯೇ ಬೇಕಾ?

ತಗ್ಗಿನಮನೆ

ಮೊದಲ ಸಲಕ್ಕೆ ಒಕಾಡಾ ಧಾರಾಳ ಸಾಕು. ಒಂದು ಚಪ್ಪಟೆ ಆಯತ ಇಟ್ಟು, ಆಳ 30-40 ಕಿ.ಮೀ. ನಡುವೆ ಬದಲಾಯಿಸ್ತಾ ಹೋಗಿ. ಆಯತ ಆಳಕ್ಕೆ ಹೋದಷ್ಟೂ ಮೇಲಿನ ಸರಿತ ಹರಡ್ಕೊಳ್ಳುತ್ತೆ, ಹಾಗಾಗಿ ಹೆಚ್ಚು ಆಳ-ಹೆಚ್ಚು ಜಾರಿಕೆ, ಕಡಿಮೆ ಆಳ-ಕಡಿಮೆ ಜಾರಿಕೆ ಎರಡೂ ನಿಮ್ಮ ಡೇಟಾಕ್ಕೆ ಹತ್ತಿರತ್ತಿರ ಹೊಂದುತ್ತೆ. ಅದನ್ನ ಬಿಡಿಸೋಕೆ ಎತ್ತರದ ಕಾಲಂ ಬೇಕಾಗುತ್ತೆ: ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಅನ್ನೋ ಗಡಿ ಜಾರಿಕೆಯ ಅಂಚು ಎಲ್ಲಿದೆ ಅಂತ ತೋರಿಸುತ್ತೆ. ಒಂದು ಜಾರಿಕೆಯಲ್ಲಿ ಅದು ಗದ್ದಲದಲ್ಲಿ ಮುಳುಗಿರುತ್ತೆ, ಹಲವನ್ನ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೀರಿ. ಪೇರಿಸೋಕೆ ಮುಂಚೆ ಆ ಹಿಮದ ಸ್ಟೇಷನ್ನಿನ ಚಳಿಗಾಲದ ತಿಂಗಳುಗಳನ್ನ ಪೂರ್ತಿ ಕಿತ್ತುಹಾಕಿ.